ಚೇಂಬರ್ ನಟ್ಟಿನ ಮೂಢನಂಬಿಕೆ

ಬಳ್ಳಾರಿಯಲ್ಲಿ ಅನಂತಪುರ ರಸ್ತೆಯ ಗ್ಯಾರೇಜಿಗೆ ಹೋಗಿ, ಕೌಲ್‌ಬಜಾರಿನ ಸಂದಿಯೊಳಗಿನ ಗ್ಯಾರೇಜಿಗೆ ಹೋಗಿ, ಅಥವಾ ಸಿರುಗುಪ್ಪದ ಬಸ್ ನಿಲ್ದಾಣದ ಆಚೀಚೆ ಇರುವ ಮೇಸ್ತ್ರಿಗಳನ್ನೇ ಕೇಳಿ. ಕಾರಿನ ಎಂಜಿನ್ ಆಯಿಲನ್ನು ಮೇಲಿನಿಂದ ಪೈಪು ಹಾಕಿ ಎಳೆದು ತೆಗೆಯಬಹುದಲ್ಲವೇ ಎಂದರೆ ಎಲ್ಲ ಕಡೆ ಒಂದೇ ಉತ್ತರ ಬರುತ್ತದೆ: “ಕೆಳಗಿಂದ ಬಿಟ್ರೇನೇ ಹೊಲಸೆಲ್ಲಾ ಬರೋದು ಸಾರ್, ಮೇಲಿಂದ ಎಳೆದ್ರೆ ತಳದಾಗಿಂದು ಹಂಗೇ ಉಳೀತೈತಿ.” ಕಾರಿನ ಮಾಲೀಕರೂ ಇದನ್ನೇ ನಂಬಿದ್ದಾರೆ. ಹೀರುವ ಯಂತ್ರ ಬಳಸುವವನು ಕೆಲಸಗಳ್ಳ, ಗಾಡಿಯ ಕೆಳಗೆ ಮಲಗಿ ಮೈಕೈ ಕಪ್ಪು ಮಾಡಿಕೊಂಡವನೇ ಪ್ರಾಮಾಣಿಕ ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ತಪ್ಪು ಎಂದು ನಾನು ಹೇಳುತ್ತೇನೆ. ನಿರಪಾಯದ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಇದು ನಮ್ಮ ಜಿಲ್ಲೆಯ ಎಂಜಿನ್‌ಗಳನ್ನು, ಗ್ಯಾರೇಜಿನಲ್ಲಿ ದುಡಿಯುವ ಹುಡುಗರನ್ನು, ಕಾಲ ಕೆಳಗಿನ ಮಣ್ಣನ್ನು ಹಾಳುಮಾಡುತ್ತಿರುವ ತಪ್ಪು.

ಎರಡೂ ವಿಧಾನ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಟ್ಟೆಗೆ ನಮ್ಮ ಮೇಸ್ತ್ರಿಗಳು ಚೇಂಬರ್ ಎನ್ನುತ್ತಾರೆ. ಅದರ ತಳದಲ್ಲೋ ಪಕ್ಕದಲ್ಲೋ ಒಂದು ನಟ್ಟು ಇರುತ್ತದೆ. ಗಾಡಿಯನ್ನು ಜಾಕಿಯ ಮೇಲೆ ಎತ್ತಿ ಇಲ್ಲವೇ ಗುಂಡಿಯ ಮೇಲೆ ನಿಲ್ಲಿಸಿ ಅದನ್ನು ಬಿಚ್ಚಿದರೆ ಆಯಿಲ್ ತಾನೇ ಇಳಿಯುತ್ತದೆ. ಇನ್ನೊಂದು ವಿಧಾನದಲ್ಲಿ ಎಂಜಿನ್ನಿನ ಮೇಲ್ಗಡೆಯ ಆಯಿಲ್ ಕಡ್ಡಿಯನ್ನು ಎಳೆದು, ಅದೇ ಕೊಳವೆಯೊಳಗೆ ತೆಳ್ಳನೆಯ ಪೈಪನ್ನು ಚೇಂಬರಿನ ತಳ ಮುಟ್ಟುವವರೆಗೆ ಇಳಿಸುತ್ತಾರೆ. ಕೈಪಂಪಿನಿಂದ ಅಥವಾ ಕಂಪ್ರೆಸರ್‌ನಿಂದ ಡಬ್ಬಿಯೊಳಗಿನ ಗಾಳಿ ತೆಗೆದರೆ ಆಯಿಲ್ ಅದರೊಳಕ್ಕೆ ಬಂದು ಬೀಳುತ್ತದೆ. ಎಂಜಿನ್ ಬೆಚ್ಚಗಿದ್ದರೆ ಸಣ್ಣ ಕಾರಿನ ಮೂರು ಮೂರೂವರೆ ಲೀಟರ್ ಹೊರಬರಲು ಬಹಳ ಹೊತ್ತೇನೂ ಬೇಡ.

ಕೆಳಗಿಂದಲೇ ಇಳಿಸಬೇಕೆಂಬ ನಂಬಿಕೆ ಎಲ್ಲಿಂದ ಬಂತು ಎಂದು ನೋಡಿದರೆ ಅದಕ್ಕೊಂದು ಕಾಲದಲ್ಲಿ ಅರ್ಥವಿತ್ತು ಎಂದು ಒಪ್ಪಬೇಕಾಗುತ್ತದೆ. ನಮ್ಮ ಜಿಲ್ಲೆಯ ಮೇಸ್ತ್ರಿಗಳ ವಿದ್ಯೆ ಕಾರಿನಿಂದ ಹುಟ್ಟಿದ್ದಲ್ಲ. ಲಾರಿ ಮತ್ತು ಟ್ರ್ಯಾಕ್ಟರಿನಿಂದ ಹುಟ್ಟಿದ್ದು. ಸಂಡೂರು, ಹೊಸಪೇಟೆ, ತೋರಣಗಲ್ಲಿನ ಅದಿರು ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೂ, ಇಲ್ಲಿನ ಗ್ಯಾರೇಜುಗಳ ಅನ್ನ ಲಾರಿಯದ್ದೇ ಆಗಿತ್ತು. ಸಿರುಗುಪ್ಪ, ಕುರುಗೋಡು ಕಡೆಯಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಯ ಹೊಲಕ್ಕೆ ಹೋಗುವ ಟ್ರ್ಯಾಕ್ಟರ್. ಲಾರಿ ಎತ್ತರವಾಗಿ ನಿಲ್ಲುತ್ತದೆ, ಅಡಿಗೆ ನುಸುಳಲು ಜಾಕಿ ಬೇಡ. ಚೇಂಬರು ಗಟ್ಟಿ, ನಟ್ಟು ದಪ್ಪ, ಇಳಿಸಬೇಕಾದ ಆಯಿಲ್ ಹತ್ತು ಹದಿನೈದು ಲೀಟರಿಗೂ ಮೇಲೆ. ಅಂಥ ಗಾಡಿಗೆ ಕೆಳಗಿಂದ ಬಿಡುವುದೇ ಸರಿ, ಇವತ್ತಿಗೂ ಸರಿ. ಇನ್ನೂ ಹಿಂದೆ ಹೋದರೆ ಆಯಿಲೇ ಬೇರೆಯಿತ್ತು. ಹಳೆಯ ಕಾಲದ ಸಾದಾ ಆಯಿಲಿನಲ್ಲಿ ಕೊಳೆ ತೊಳೆಯುವ, ಕೊಳೆಯನ್ನು ತೇಲಿಸಿ ಹಿಡಿದಿಡುವ ರಾಸಾಯನಿಕಗಳು ಇರಲಿಲ್ಲ. ಮಸಿ, ನೀರು, ಲೋಹದ ಪುಡಿ ಎಲ್ಲವೂ ಹಂಡೆಯ ತಳದಲ್ಲಿ ಕೆಸರು ಕೂತಂತೆ ಚೇಂಬರಿನ ತಳಕ್ಕೆ ಕೂರುತ್ತಿದ್ದವು. ಆಗ ತಳದ ನಟ್ಟು ಬಿಚ್ಚಿದವನೇ ಜಾಣ.

ಆ ಆಯಿಲ್ ಈಗ ನಮ್ಮ ಕಾರುಗಳಲ್ಲಿ ಇಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ಯಾವುದೇ ಒಳ್ಳೆಯ ಆಯಿಲಿನಲ್ಲಿ ಎರಡು ಬಗೆಯ ಸೇರ್ಪಡೆಗಳು ಇದ್ದೇ ಇರುತ್ತವೆ. ಒಂದು ಬಗೆಯದು ಬಿಸಿ ಭಾಗಗಳಿಗೆ ಅಂಟಿದ ಕೊಳೆಯನ್ನು ಬಿಡಿಸುತ್ತದೆ. ಇನ್ನೊಂದು ಬಿಡಿಸಿದ ಕೊಳೆಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ಸುತ್ತುವರಿದು ಆಯಿಲಿನಲ್ಲೇ ತೇಲಿಸಿಡುತ್ತದೆ. ಡೀಸೆಲ್ ಗಾಡಿಯಲ್ಲಿ ಆಯಿಲ್ ಹಾಕಿ ನಾಲ್ಕು ದಿನದಲ್ಲೇ ಕಡ್ಡಿ ಕಪ್ಪಾಗುತ್ತದೆಯಲ್ಲ, ಅದನ್ನು ನೋಡಿ “ಆಯಿಲ್ ಕೆಡ್ತು” ಎಂದು ಗಾಬರಿಯಾಗುವವರಿದ್ದಾರೆ. ಕೆಟ್ಟದ್ದಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಮಸಿಯನ್ನು ತಳಕ್ಕೆ ಬೀಳಲು ಬಿಡದೆ ತನ್ನ ಮೈತುಂಬ ಹೊತ್ತುಕೊಂಡಿದೆ. ಎಂಜಿನ್ ಸ್ವಲ್ಪ ಹೊತ್ತು ಓಡಿ ಬೆಚ್ಚಗಾದ ಮೇಲೆ ಚೇಂಬರಿನಲ್ಲಿರುವ ಆಯಿಲಿನ ಮೇಲ್ಪದರಕ್ಕೂ ತಳಪದರಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಎಲ್ಲಿಂದ ತೆಗೆದರೂ ತೆಗೆದಷ್ಟು ಆಯಿಲಿನ ಜೊತೆ ಅಷ್ಟು ಕೊಳೆ ಹೋಗುತ್ತದೆ.

ಹಾಗಾದರೆ ನಿಜವಾಗಿ ತಳಕ್ಕೆ ಅಂಟಿಕೊಂಡ ಮೆತ್ತನೆಯ ಹೊಲಸಿನ ಕಥೆ ಏನು? ಆಯಿಲನ್ನು ಕಾಲಕಾಲಕ್ಕೆ ಬದಲಿಸದ ಗಾಡಿಗಳಲ್ಲಿ ಅದು ಆಗುತ್ತದೆ, ಸುಳ್ಳಲ್ಲ. ಆದರೆ ಒಂದು ಸಲವಾದರೂ ಅಂಥ ಚೇಂಬರನ್ನು ಪೂರ್ತಿ ಬಿಚ್ಚಿ ನೋಡಿದವರಿಗೆ ಗೊತ್ತು: ಅದು ಗ್ರೀಸಿನಂತೆ ಗೋಡೆಗೆ, ಮೂಲೆಗೆ, ಮೇಲೆ ವಾಲ್ವ್ ಕವರಿಗೆ ಹತ್ತಿ ಕೂತಿರುತ್ತದೆ. ಬೆರಳಿನಿಂದ ಕೆರೆದರೂ ಬಿಡದ ಆ ಹೊಲಸು ಒಂದು ನಟ್ಟಿನ ತೂತಿನಿಂದ ಹರಿದು ಹೋಗುತ್ತದೆ ಎನ್ನುವುದು ಶುದ್ಧ ಕಲ್ಪನೆ. ಕೆಳಗಿಂದ ಬಿಟ್ಟರೂ ಅದು ಅಲ್ಲೇ ಇರುತ್ತದೆ, ಮೇಲಿಂದ ಎಳೆದರೂ ಅಲ್ಲೇ ಇರುತ್ತದೆ. ಅದನ್ನು ತಡೆಯುವ ದಾರಿ ಒಂದೇ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಈ ವಾದದಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಮೂರೂವರೆ ಲೀಟರ್ ಆಯಿಲ್ ಹಿಡಿಯುವ ಕಾರು. ಮೇಲಿಂದ ಎಳೆದಾಗ 150 ಮಿಲಿಲೀಟರ್ ಹೆಚ್ಚು ಉಳಿಯಿತು ಎಂದೇ ಇಟ್ಟುಕೊಳ್ಳಿ. ಅದು ಒಟ್ಟು ಆಯಿಲಿನ ನೂರಕ್ಕೆ ನಾಲ್ಕು ಪಾಲು ಚಿಲ್ಲರೆ. 10,000 ಕಿಲೋಮೀಟರ್ ಓಡಿದ ಆಯಿಲ್ ಅದು ಎಂದಾದರೆ, ಹೊಸ ಆಯಿಲಿಗೆ ಸೇರುವ ಹಳೆಯ ಕೊಳೆ ಸುಮಾರು 430 ಕಿಲೋಮೀಟರ್ ಓಟದ ಕೊಳೆಗೆ ಸಮ. ಅಂದರೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನಾಲ್ಕು ಸಲ ಹೋಗಿ ಬಂದಷ್ಟು. ಅಷ್ಟಕ್ಕಾಗಿ ಇಷ್ಟು ರಂಪ! ಆದರೆ ಇದೇ ಮಾಲೀಕರು “ಮುಂದಿನ ತಿಂಗಳು ಮಾಡಿಸಿದ್ರಾಯ್ತು” ಎಂದು ಸರ್ವಿಸನ್ನು ಎರಡು ಮೂರು ಸಾವಿರ ಕಿಲೋಮೀಟರ್ ಮುಂದೂಡುತ್ತಾರೆ. ಒಂದು ಸಾವಿರ ಕಿಲೋಮೀಟರ್ ತಡ ಮಾಡುವುದೂ ಚೇಂಬರಿನಲ್ಲಿ 350 ಮಿಲಿಲೀಟರ್ ಹಳೆಯ ಆಯಿಲ್ ಬಿಡುವುದೂ ಲೆಕ್ಕದಲ್ಲಿ ಒಂದೇ. ತಡ ಮಾಡುವುದಕ್ಕೆ ಯಾರಿಗೂ ಅಳುಕಿಲ್ಲ. ತಳದಲ್ಲಿ ಉಳಿಯುವ ಒಂದು ಲೋಟಕ್ಕೆ ಮಾತ್ರ ಊರೆಲ್ಲ ಆತಂಕ.

ಆ ಒಂದು ಲೋಟವೂ ಎಲ್ಲ ಗಾಡಿಗಳಲ್ಲಿ ಉಳಿಯುವುದಿಲ್ಲ. ಹಲವು ಕಾರುಗಳಲ್ಲಿ ನಟ್ಟು ಚೇಂಬರಿನ ನಟ್ಟನಡುವೆ ಇರುವುದಿಲ್ಲ, ಪಕ್ಕದ ಗೋಡೆಯಲ್ಲಿರುತ್ತದೆ. ತೂತಿನ ಕೆಳಅಂಚಿಗಿಂತ ಕೆಳಗಿರುವ ಆಯಿಲ್ ಯಾವ ಭಗೀರಥ ಪ್ರಯತ್ನ ಮಾಡಿದರೂ ನಟ್ಟಿನಿಂದ ಇಳಿಯದು. ತಳ ಮುಟ್ಟಿದ ಪೈಪು ಅದನ್ನು ಎಳೆಯುತ್ತದೆ. ಸಾಲದ್ದಕ್ಕೆ ಆಯಿಲ್ ಇರುವುದು ಚೇಂಬರಿನಲ್ಲಿ ಮಾತ್ರವಲ್ಲ. ಎಂಜಿನ್ನಿನ ಒಳದಾರಿಗಳಲ್ಲಿ, ಮೇಲಿನ ಹೆಡ್ಡಿನಲ್ಲಿ, ಕೂಲರ್ ಇದ್ದರೆ ಅದರಲ್ಲಿ ಸಾಕಷ್ಟು ನಿಂತಿರುತ್ತದೆ. ಆದ್ದರಿಂದಲೇ ಕಂಪನಿಗಳ ಕೈಪಿಡಿಯಲ್ಲಿ ಖಾಲಿ ಎಂಜಿನ್ನಿಗೆ ಮೊದಲ ಸಲ ಹಾಕುವ ಅಳತೆಯೇ ಬೇರೆ, ಬದಲಿಸುವಾಗ ಹಾಕುವ ಅಳತೆಯೇ ಬೇರೆ. ಕೊನೆಯ ಹನಿ ಎಂಬುದನ್ನು ಯಾರೂ ಯಾವತ್ತೂ ತೆಗೆದಿಲ್ಲ.

ಈ ಕೊನೆಯ ಹನಿಯ ಹಟದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಫಿಲ್ಟರಿನದ್ದು. ಸಣ್ಣ ಕಾರಿನ ಆಯಿಲ್ ಫಿಲ್ಟರ್ ತನ್ನ ಹೊಟ್ಟೆಯಲ್ಲಿ ಸುಮಾರು 200 ಮಿಲಿಲೀಟರ್ ಹಳೆಯ ಆಯಿಲನ್ನೂ, ಹತ್ತು ಸಾವಿರ ಕಿಲೋಮೀಟರಿನ ಜಾಲಿಸಿದ ಕೊಳೆಯನ್ನೂ ಇಟ್ಟುಕೊಂಡಿರುತ್ತದೆ. “ಫಿಲ್ಟರ್ ಒಂದ್ಸಲ ಬಿಟ್ಟು ಒಂದ್ಸಲ ಹಾಕಿದ್ರೆ ನಡೀತೈತಿ” ಎನ್ನುವವರು ಯಾರು? ಕೆಳಗಿಂದಲೇ ಬಿಡಬೇಕು ಎನ್ನುವ ಅದೇ ಜನ. ನಟ್ಟಿನ ತೂತಿನಿಂದ ಬೀಳುವ ಹನಿಗಳನ್ನು ಕಾಯುತ್ತ ಕೂರುತ್ತಾರೆ, ಕೊಳೆ ತುಂಬಿದ ಡಬ್ಬಿಯನ್ನು ಪಕ್ಕದಲ್ಲೇ ಬಿಟ್ಟು ಹೊಸ ಆಯಿಲ್ ಸುರಿಯುತ್ತಾರೆ. ಈ ವಿರೋಧಾಭಾಸಕ್ಕೆ ಯಾವ ಮೇಸ್ತ್ರಿಯಿಂದಲೂ ನನಗೆ ಉತ್ತರ ಸಿಕ್ಕಿಲ್ಲ.

ಹಟ ಅಲ್ಲಿಗೇ ನಿಂತರೆ ಪರವಾಗಿಲ್ಲ. ಕೊನೆಯ ಹನಿ ಬೀಳಿಸಲು ಆಯಿಲ್ ಹಾಕುವ ಬಾಯಿಗೆ ಕಂಪ್ರೆಸರ್ ಪೈಪು ಹಿಡಿದು ಗಾಳಿ ಹೊಡೆಯುವ ಪದ್ಧತಿ ಇದೆ. ನಟ್ಟಿನ ತೂತಿನಿಂದ ಬುಸಬುಸನೆ ಆಯಿಲ್ ಸಿಡಿಯುವುದನ್ನು ನೋಡಿ ಮಾಲೀಕನಿಗೆ ತೃಪ್ತಿಯಾಗುತ್ತದೆ. ಆ ಗಾಳಿ ಎಂಥದ್ದು? ಕಂಪ್ರೆಸರಿನ ಟ್ಯಾಂಕಿನಲ್ಲಿ ದಿನಗಟ್ಟಲೆ ಬಸಿಯದ ನೀರು ಇರುತ್ತದೆ, ಪೈಪಿನ ತುದಿ ಅದುವರೆಗೆ ನೆಲದ ಮೇಲೆ ಬಿದ್ದಿರುತ್ತದೆ. ಏರ್ ಫಿಲ್ಟರ್ ಕಾಯಬೇಕಾದ ಎಂಜಿನ್ನಿನ ಒಳಮೈಗೆ, ನಮ್ಮ ಬಳ್ಳಾರಿಯ ಕೆಂಪು ಧೂಳನ್ನೂ ತೇವವನ್ನೂ ಕೈಯಾರೆ ಊದುತ್ತಿದ್ದೇವೆ. ಇನ್ನು ಕೆಲವರು ಅರ್ಧ ಲೀಟರ್ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಎಂಜಿನ್ ಚಾಲೂ ಮಾಡಿ “ತೊಳೆದು” ಬಿಡುತ್ತಾರೆ. ಡೀಸೆಲಿಗೆ ಬೇರಿಂಗನ್ನು ಕಾಯುವ ಶಕ್ತಿಯಿಲ್ಲ. ಆ ಕೆಲವು ನಿಮಿಷ ಕ್ರ್ಯಾಂಕಿನ ಬೇರಿಂಗುಗಳು ತೆಳು ಪದರದ ಮೇಲೆ ಉಜ್ಜುತ್ತವೆ, ಒಳದಾರಿಗಳಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನು ಹಾಕಿದ ಗಳಿಗೆಯಲ್ಲೇ ತೆಳುವಾಗಿಸುತ್ತದೆ. ಏಪ್ರಿಲಿನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಆಯಿಲನ್ನು ತೆಳು ಮಾಡುವುದು ಎಂಜಿನ್ನಿನ ಮೇಲಿನ ದ್ರೋಹ. ಇದೆಲ್ಲ ಹುಟ್ಟಿದ್ದು ಒಂದೇ ಭಯದಿಂದ, ತಳದಲ್ಲಿ ಏನೋ ಉಳಿದುಬಿಡುತ್ತದೆ ಎಂಬ ಭಯದಿಂದ.

ಆ ನಟ್ಟನ್ನು ಬಿಚ್ಚುವುದು ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದವರು ಕಡಿಮೆ. ಮಾಲೀಕ ಚಹಾ ಕುಡಿಯಲು ಹೋಗಿರುತ್ತಾನೆ. ನಾನು ಚಹಾ ಬಿಟ್ಟು ಮೊಣಕಾಲೂರಿ ಬಗ್ಗಿ ನೋಡಿದ್ದೇನೆ. ಸಿರುಗುಪ್ಪ ರಸ್ತೆಯ ಬದಿಯ ಒಂದು ಗ್ಯಾರೇಜು. ಮಳೆಗಾಲ ಮುಗಿದ ಹೊತ್ತು. ಗದ್ದೆ ಬದಿಯ ದಾರಿಯಲ್ಲಿ ಓಡಾಡಿ ಬಂದ ಕಾರಿನ ಅಡಿಗೆ ಎರೆಮಣ್ಣು ಮೆತ್ತಿ ಒಣಗಿ ಇಟ್ಟಿಗೆಯಾಗಿತ್ತು. ಎಂಜಿನ್ ಗಾರ್ಡಿನ ಬೋಲ್ಟುಗಳಲ್ಲಿ ಒಂದು ತುಕ್ಕು ಹಿಡಿದು ಬರಲೇ ಇಲ್ಲ. ಅದನ್ನು ಕತ್ತರಿಸಿ ತೆಗೆದರು. ಹುಡುಗ ಗೋಣಿಚೀಲದ ಮೇಲೆ ಮಲಗಿ ನಟ್ಟಿನ ಸುತ್ತಲಿನ ಮಣ್ಣನ್ನು ಸ್ಕ್ರೂಡ್ರೈವರಿನಿಂದ ಕೆತ್ತಿದ. ಬಿಸಿ ಆಯಿಲ್ ಮೊದಲ ಧಾರೆಯಲ್ಲಿ ಅವನ ಮುಂಗೈ ಮೇಲೆ ಹರಿದು ಮೊಣಕೈ ದಾಟಿತು. ಬಾಂಡ್ಲಿಗೆ ಬೀಳಬೇಕಾದದ್ದರಲ್ಲಿ ಒಂದಿಷ್ಟು ನೆಲಕ್ಕೆ ಬಿತ್ತು. ಕೆಳಗೆ ಬಿದ್ದ ನಟ್ಟನ್ನು ಮಣ್ಣಿನಿಂದ ಎತ್ತಿ, ಪ್ಯಾಂಟಿಗೆ ಒರೆಸಿ, ಅದೇ ಹಳೆಯ ತಾಮ್ರದ ವಾಷರಿನ ಜೊತೆ ಮತ್ತೆ ತಿರುಗಿಸಿದ. ಕೊನೆಗೆ ಪಾನಾದ ಹಿಡಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ ಜಗ್ಗಿ ಬಿಗಿದ. “ಟೈಟ್ ಐತಿ ಸಾರ್, ಇನ್ನ ಸೋರಂಗಿಲ್ಲ.”

ಸಣ್ಣ ಕಾರಿನ ಈ ನಟ್ಟಿಗೆ ಬೇಕಾದ ಬಿಗಿತ ಸಾಮಾನ್ಯವಾಗಿ 25ರಿಂದ 40 ನ್ಯೂಟನ್ ಮೀಟರಿನ ಆಸುಪಾಸು. ಒಂದಡಿ ಉದ್ದದ ಪಾನಾದ ತುದಿಯಲ್ಲಿ ಹನ್ನೆರಡು ಕಿಲೋ ಭಾರದಷ್ಟು ಒತ್ತಿದರೆ ಸಾಕು. ಎರಡಡಿ ಪೈಪು ಹಾಕಿ ಮೂವತ್ತು ಕಿಲೋ ಭಾರದಷ್ಟು ಜಗ್ಗಿದರೆ ಬೀಳುವ ಬಲ ಅದರ ಐದು ಪಟ್ಟು. ಇವತ್ತಿನ ಬಹಳ ಎಂಜಿನ್ನುಗಳ ಚೇಂಬರು ಅಲ್ಯುಮಿನಿಯಮ್ಮಿನದು. ಕಲ್ಲಿನ ಪುಡಿ ಮೆತ್ತಿಕೊಂಡ ಉಕ್ಕಿನ ನಟ್ಟನ್ನು ಅದರ ಮೆತ್ತನೆಯ ಚೂಡಿಯೊಳಗೆ, ಅಂದರೆ ತಿರುಪಿನ ಗೆರೆಗಳೊಳಗೆ, ಐದು ಪಟ್ಟು ಬಲದಿಂದ ತಿರುಗಿಸಿದರೆ ಎರಡು ಮೂರು ಸರ್ವಿಸಿಗೇ ಚೂಡಿ ಹೋಗುತ್ತದೆ. ಆಮೇಲಿನ ಕಥೆ ಎಲ್ಲರಿಗೂ ಗೊತ್ತು: ನಟ್ಟಿಗೆ ಟೆಫ್ಲಾನ್ ಟೇಪು ಸುತ್ತುತ್ತಾರೆ, ಅದಕ್ಕೂ ನಿಲ್ಲದಿದ್ದರೆ ಎಂ-ಸೀಲ್ ಬಡಿಯುತ್ತಾರೆ, ಅದೂ ಸೋರಿದರೆ ಒಂದು ಅಳತೆ ದೊಡ್ಡ ನಟ್ಟಿಗೆ ಹೊಸ ಚೂಡಿ ಕೊರೆಯುತ್ತಾರೆ. ಕೊರೆದ ಅಲ್ಯುಮಿನಿಯಮ್ಮಿನ ಚೂರು ಬೀಳುವುದು ಚೇಂಬರಿನೊಳಕ್ಕೇ. ಕೊನೆಗೆ ಚೇಂಬರನ್ನೇ ಬದಲಿಸುವ ಖರ್ಚು. ರಾತ್ರಿ ಹೊತ್ತಿನಲ್ಲಿ ನಟ್ಟು ಸಡಿಲಾಗಿ ಆಯಿಲ್ ಖಾಲಿಯಾಗಿ ಎಂಜಿನ್ ಸೀಜ್ ಆದ ಗಾಡಿಗಳು ನಮ್ಮ ಗ್ಯಾರೇಜುಗಳಿಗೆ ಹೊಸದಲ್ಲ. ಮೇಲಿಂದ ಹೀರಿದ್ದರಿಂದ ಎಂಜಿನ್ ಸೀಜ್ ಆದ ಗಾಡಿಯನ್ನು ಒಬ್ಬರಾದರೂ ತೋರಿಸಲಿ.

ಜಾಕಿಯ ಮಾತು ಬೇರೆಯೇ ಹೇಳಬೇಕು. ಲಿಫ್ಟ್ ಇರುವ ದೊಡ್ಡ ವರ್ಕ್‌ಶಾಪಿನಲ್ಲಿ ಗಾಡಿಯ ಕೆಳಗೆ ನಿಂತು ನಟ್ಟು ಬಿಚ್ಚುವುದಕ್ಕೂ, ಕುರುಗೋಡಿನಂಥ ಊರಿನ ರಸ್ತೆ ಬದಿಯಲ್ಲಿ, ಬೇಸಿಗೆಯಲ್ಲಿ ಮೆತ್ತಗಾದ ಡಾಂಬರಿನ ಅಂಚಿನಲ್ಲಿ, ಒಂದೇ ಜಾಕಿಯ ಮೇಲೆ ಟನ್ ತೂಕದ ಕಾರನ್ನು ನಿಲ್ಲಿಸಿ ಅದರಡಿ ಎದೆ ಕೊಟ್ಟು ಮಲಗುವುದಕ್ಕೂ ಅಜಗಜಾಂತರ. ಗಾಡಿಯೊಂದಿಗೆ ಬರುವ ಜಾಕಿ ಇರುವುದು ಚಕ್ರ ಬದಲಿಸಲಿಕ್ಕೆ; ಅದರ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು ಎಂದು ಪ್ರತಿ ಕೈಪಿಡಿಯಲ್ಲೂ ಬರೆದಿರುತ್ತದೆ. ಬಳಸಿದ ಆಯಿಲ್ ಚರ್ಮಕ್ಕೆ ಹೆಚ್ಚು ಕಾಲ ತಾಗಿದರೆ ಅಪಾಯವೆಂದು ಆಯಿಲ್ ಡಬ್ಬಿಗಳ ಮೇಲೂ ಎಚ್ಚರಿಕೆ ಇರುತ್ತದೆ. ಈ ಎರಡೂ ಅಪಾಯಕ್ಕೆ ದಿನವೂ ಒಡ್ಡಿಕೊಳ್ಳುವವರು ಹದಿನೆಂಟು ಇಪ್ಪತ್ತರ ಹುಡುಗರು. ನಮ್ಮ ಒಂದು ಲೋಟ ಆಯಿಲಿನ ಸಮಾಧಾನಕ್ಕಾಗಿ ಅವರು ಅಲ್ಲಿ ಮಲಗಬೇಕೆಂದು ಕೇಳುವ ಹಕ್ಕು ನಮಗೆ ಯಾರು ಕೊಟ್ಟರು?

ಎದುರು ವಾದಗಳಲ್ಲಿ ಮೂರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಲೋಹದ ಚೂರುಗಳು ಭಾರವಾಗಿರುವುದರಿಂದ ತಳಕ್ಕೆ ಕೂರುತ್ತವೆ, ಅವು ಕೆಳಗಿಂದಲೇ ಹೋಗಬೇಕು ಎಂಬುದು ಒಂದು. ಕಣ್ಣಿಗೆ ಕಾಣುವಷ್ಟು ದೊಡ್ಡ ಚೂರು ತಳದಲ್ಲಿ ಬಿದ್ದಿದ್ದರೆ ಆ ಎಂಜಿನ್ನಿನ ರೋಗ ಆಯಿಲ್ ಬದಲಿಸಿ ವಾಸಿಯಾಗುವುದಲ್ಲ. ಬಿಚ್ಚಿ ನೋಡಬೇಕಾದ ರೋಗ. ಸಣ್ಣ ಪುಡಿಯನ್ನು ಪಂಪಿನ ಬಾಯಿಯ ಜಾಳಿಗೆ ಮತ್ತು ಫಿಲ್ಟರ್ ಹಿಡಿಯುತ್ತವೆ, ಅದಕ್ಕೂ ಸಣ್ಣದು ಆಯಿಲಿನಲ್ಲೇ ತೇಲುತ್ತದೆ. ಹೊಸ ಎಂಜಿನ್ನಿನ ಮೊದಲ ಸರ್ವಿಸಿನಲ್ಲಿ, ಅಥವಾ ಬೋರ್ ಮಾಡಿಸಿ ಕಟ್ಟಿದ ಎಂಜಿನ್ನಿನ ಮೊದಲ ಆಯಿಲ್ ಬದಲಾವಣೆಯಲ್ಲಿ ಕೆಳಗಿಂದ ಬಿಡಿ ಎಂದು ನಾನೂ ಹೇಳುತ್ತೇನೆ, ಏಕೆಂದರೆ ಆಗ ತಳದಲ್ಲಿ ಏನಿದೆ ಎಂದು ನೋಡುವುದಕ್ಕೆ ಅರ್ಥವಿದೆ.

ಗಾಡಿಯ ಕೆಳಗೆ ಹೋದರೆ ಸೋರಿಕೆ, ಹರಿದ ರಬ್ಬರು, ಸವೆದ ಜಾಯಿಂಟು ಕಣ್ಣಿಗೆ ಬೀಳುತ್ತವೆ ಎಂಬುದು ಇನ್ನೊಂದು. ನೋಡುವುದು ಒಳ್ಳೆಯದೇ. ಗುಂಡಿಯೋ ಲಿಫ್ಟೋ ಇರುವ ಕಡೆ ವರ್ಷಕ್ಕೊಮ್ಮೆ ಅದಕ್ಕೆಂದೇ ನೋಡಿಸಿ. ಆದರೆ ನಾನು ಹೇಳಿದ ಗ್ಯಾರೇಜಿನಲ್ಲಿ ಹುಡುಗನ ಕಣ್ಣೆದುರು ಇದ್ದದ್ದು ನಟ್ಟು ಮತ್ತು ಅವನ ಕೈ ಸುಡುವ ಆಯಿಲ್. ಬಾಲ್ ಜಾಯಿಂಟಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ನಟ್ಟು ಬಿಚ್ಚಿದರೆ ತಪಾಸಣೆಯಾದಂತೆ ಎಂದು ತಿಳಿಯುವುದರಿಂದಲೇ ನಮ್ಮ ಗಾಡಿಗಳಿಗೆ ತಪಾಸಣೆ ಆಗುತ್ತಿಲ್ಲ.

ಮೂರನೆಯದೇ ತೂಕದ ವಾದ. ಎಲ್ಲ ಎಂಜಿನ್ನುಗಳಲ್ಲಿ ಕಡ್ಡಿಯ ಕೊಳವೆ ಚೇಂಬರಿನ ಆಳದ ಭಾಗಕ್ಕೆ ನೇರ ಹೋಗುವುದಿಲ್ಲ. ಕೆಲವುಗಳಲ್ಲಿ ಒಳಗಿನ ತಡೆತಟ್ಟೆಗೆ ಪೈಪು ಸಿಕ್ಕಿ ಮೇಲಕ್ಕೇ ಮಡಚಿಕೊಳ್ಳುತ್ತದೆ, ಕೆಲವು ಹೊಸ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ. ಫಿಲ್ಟರ್ ಕೆಳಗಡೆಯೇ ಇರುವ ಕಾರುಗಳಲ್ಲಿ ಹೇಗಿದ್ದರೂ ಅಡಿಗೆ ಹೋಗಬೇಕು. ಅಂಥ ಗಾಡಿಗಳಿಗೆ ಕೆಳಗಿಂದಲೇ ಬಿಡಿ, ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಗಾಡಿ ನೋಡದೆ, ಕೊಳವೆ ನೋಡದೆ, ಎಲ್ಲದಕ್ಕೂ ಒಂದೇ ಮಂತ್ರ ಹೇಳುವುದರ ಮೇಲೆ. 1998ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ ಸ್ಮಾರ್ಟ್ ಎಂಬ ಇಬ್ಬರು ಕೂರುವ ಪುಟ್ಟ ಕಾರಿನ ಚೇಂಬರಿಗೆ ಇಳಿಸುವ ನಟ್ಟನ್ನೇ ಇಟ್ಟಿರಲಿಲ್ಲ, ಮೇಲಿಂದ ಹೀರುವುದೇ ಅದರ ವಿಧಾನ. ಮೇಲ್ಗಡೆ ಫಿಲ್ಟರ್ ಇರುವ ಮರ್ಸಿಡಿಸ್ ಎಂಜಿನ್ನುಗಳಿಗೆ ಕಂಪನಿಯ ವರ್ಕ್‌ಶಾಪುಗಳೇ ಹೀರುವ ಯಂತ್ರ ಬಳಸುತ್ತ ಬಂದಿವೆ. ದೋಣಿಯ ಹೊಟ್ಟೆಯೊಳಗೆ ಕೂರಿಸಿದ ಎಂಜಿನ್ನುಗಳ ಕೆಳಗೆ ಹೋಗಲು ಜಾಗವೇ ಇರುವುದಿಲ್ಲ. ಅವುಗಳ ಆಯಿಲ್ ಬಹುಪಾಲು ಹೀಗೆಯೇ ಬದಲಾಗುತ್ತದೆ. ಉಪ್ಪುನೀರಿನ ನಡುವೆ ಜೀವ ಹೊತ್ತು ತಿರುಗುವ ಎಂಜಿನ್ನಿಗೆ ಸಾಕಾದ ವಿಧಾನ ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ಕಾರಿಗೆ ಸಾಲದೇ?

ಹೀರುವ ವಿಧಾನಕ್ಕೆ ಇನ್ನೊಂದು ಗುಣವಿದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಯಂತ್ರದ ಡಬ್ಬಿಯ ಮೇಲೆ ಲೀಟರಿನ ಗೆರೆಗಳಿರುತ್ತವೆ. ಕಳೆದ ಸಲ 3.5 ಲೀಟರ್ ಹಾಕಿದ್ದೆ, ಈ ಸಲ 3.3 ಬಂತು ಎಂದರೆ ಎಂಜಿನ್ ಆರೋಗ್ಯವಾಗಿದೆ. 2.6 ಬಂದರೆ ಅದು ಆಯಿಲ್ ಸುಡುತ್ತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಹಾಕಿದ್ದಕ್ಕಿಂತ ಹೆಚ್ಚು ಬಂದರೂ ಎಚ್ಚರವಾಗಬೇಕು: 2020ರ ಏಪ್ರಿಲಿನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಸುಡುವ ಫಿಲ್ಟರ್ ಇರುತ್ತದೆ, ಊರೊಳಗೆ ಸಣ್ಣ ಸಣ್ಣ ಓಟವೇ ಹೆಚ್ಚಾದರೆ ಅದರ ಕೆಲಸ ಅರ್ಧಕ್ಕೆ ನಿಂತು ಡೀಸೆಲ್ ಆಯಿಲಿಗೆ ಸೇರಿ ಮಟ್ಟ ಏರಬಹುದು. ಹೀಗೆ ಹೊರಬಂದ ಅಳತೆಯೊಂದೇ ಎಂಜಿನ್ನಿನ ಒಳಗುಟ್ಟನ್ನು ಹೇಳುತ್ತದೆ. ಬಾಂಡ್ಲಿಗೆ ಅರ್ಧ ನೆಲಕ್ಕೆ ಅರ್ಧ ಬಿದ್ದ ಆಯಿಲನ್ನು ಅಳೆದವರನ್ನು ನಾನು ಕಂಡಿಲ್ಲ. ಬಂದದ್ದೆಷ್ಟು ಎಂದು ತಿಳಿಯದೆ ಬಂದದ್ದೆಲ್ಲ ಬಂತು ಎಂದು ಹೇಳುವುದು ಹೇಗೆ? ತಳದಲ್ಲಿ ಉಳಿಯಿತೋ ಇಲ್ಲವೋ ಎಂಬ ವಾದವನ್ನು ತೀರ್ಮಾನಿಸುವ ಅಳತೆ ಇರುವುದೇ ಹೀರುವವನ ಕೈಯಲ್ಲಿ.

ನಮ್ಮೂರ ಎಂಜಿನ್ನುಗಳನ್ನು ನಿಜವಾಗಿ ತಿನ್ನುವುದು ತಳದಲ್ಲಿ ಉಳಿದ ಆಯಿಲಲ್ಲ, ಗಾಳಿಯ ಜೊತೆ ಒಳಹೋಗುವ ಧೂಳು. ಅದಿರಿನ ಕೆಂಪು ಪುಡಿ, ರಸ್ತೆ ಬದಿಯ ಮರಳು, ಒಕ್ಕಣೆಯ ಕಾಲದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಗಳ ಸುತ್ತ ಹಾರುವ ತೌಡಿನ ಪುಡಿ, ಎಲ್ಲವೂ ಏರ್ ಫಿಲ್ಟರಿನ ಬಾಗಿಲು ತಟ್ಟುತ್ತವೆ. ಮರಳಿನ ಕಣ ಎಂಜಿನ್ನಿನ ಎಷ್ಟೋ ಲೋಹಭಾಗಗಳಿಗಿಂತ ಗಟ್ಟಿ. ಸಿಲಿಂಡರಿನ ಗೋಡೆಗೂ ರಿಂಗಿಗೂ ನಡುವೆ ಸಿಕ್ಕಿತೆಂದರೆ ಅರೆಯುತ್ತಲೇ ಹೋಗುತ್ತದೆ, ಅಲ್ಲಿಂದ ಆಯಿಲಿಗೆ ಇಳಿದು ಬೇರಿಂಗಿಗೆ ತಲುಪುತ್ತದೆ. ಹೆಚ್ಚಿನ ಕಾರು ಕಂಪನಿಗಳ ಕೈಪಿಡಿಯಲ್ಲಿ ಧೂಳಿನ ದಾರಿಯಲ್ಲಿ ಓಡುವ ಗಾಡಿಗೆ ಪ್ರತ್ಯೇಕ ಪಟ್ಟಿಯೇ ಇದೆ. ಆಯಿಲನ್ನೂ ಏರ್ ಫಿಲ್ಟರನ್ನೂ ಬೇಗ ಬದಲಿಸಿ ಎನ್ನುತ್ತದೆ, ಕೆಲವು ಕಂಪನಿಗಳು ಅವಧಿಯನ್ನು ಅರ್ಧಕ್ಕೇ ಇಳಿಸುತ್ತವೆ. ಆ ಪಟ್ಟಿ ಬರೆದವರ ಮನಸ್ಸಿನಲ್ಲಿದ್ದ ರಸ್ತೆಗಳು ತೋರಣಗಲ್ಲಿನ ರಸ್ತೆಯಂಥವೇ. ಆದರೂ ಬಳ್ಳಾರಿಯ ಕಾರುಗಳಿಗೆ ಬೆಂಗಳೂರಿನ ಅವಧಿಯನ್ನೇ ಅನ್ವಯಿಸುತ್ತೇವೆ. ಏರ್ ಫಿಲ್ಟರನ್ನು ಟೈರಿಗೆ ಬಡಿದು, ಎದುರು ದಿಕ್ಕಿನಿಂದ ಗಾಳಿ ಹೊಡೆದು, ಕಾಗದ ಹರಿದು ತೂತಾದರೂ ಕಾಣದೆ ಮತ್ತೆ ಅದನ್ನೇ ಕೂರಿಸುತ್ತೇವೆ. ನಟ್ಟಿನ ಮೇಲೆ ಇರುವ ಶ್ರದ್ಧೆಯ ಹತ್ತರಲ್ಲಿ ಒಂದು ಪಾಲು ಏರ್ ಫಿಲ್ಟರಿನ ಮೇಲೆ ಇದ್ದಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಎಂಜಿನ್ನುಗಳು ಬೋರಿಗೆ ಹೋಗುತ್ತಿರಲಿಲ್ಲ.

ಕೊನೆಗೆ ಆ ನೆಲಕ್ಕೆ ಬಿದ್ದ ಆಯಿಲು. ಯಾವುದೇ ಹಳೆಯ ಗ್ಯಾರೇಜಿನ ಮುಂದಿನ ಮಣ್ಣನ್ನು ಪಾನಾದ ತುದಿಯಿಂದ ಕೆದಕಿ ನೋಡಿ, ಗೇಣುದ್ದ ಇಳಿದರೂ ಕಪ್ಪು. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯ ಪ್ರಕಾರ ಒಂದು ಸಲದ ಆಯಿಲ್ ಬದಲಾವಣೆಯ ತ್ಯಾಜ್ಯ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು. ನಮ್ಮದು ತುಂಗಭದ್ರಾ ಕಾಲುವೆಯ ನೀರು ನಂಬಿದ ಸೀಮೆ; ಬಳ್ಳಾರಿ ನಗರ ಕುಡಿಯುವುದೂ ಆ ಕಾಲುವೆಯಿಂದ ಅಲ್ಲೀಪುರದ ಕೆರೆಗೆ ತುಂಬಿಸಿದ ನೀರನ್ನೇ, ಸಿರುಗುಪ್ಪದ ಭತ್ತ ಬೆಳೆಯುವುದೂ ತುಂಗಭದ್ರೆಯ ನೀರಿನಿಂದಲೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಘಟಕಗಳಿಗೇ ಅದು ಹೋಗಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸಿ ಮಾರುವ ಕಂಪನಿಗಳ ಮೇಲೂ ಹಳೆಯ ಆಯಿಲಿನ ಮರುಬಳಕೆಯ ಹೊಣೆ ಬಿದ್ದಿದೆ. ಆದರೂ ನಮ್ಮಲ್ಲಿ ಅದು ಸೆಂಟ್ರಿಂಗ್ ಹಲಗೆಗೆ ಬಳಿಯುವವರಿಗೆ, ಗೂಟಕ್ಕೆ ಗೆದ್ದಲು ಹತ್ತದಂತೆ ಹಚ್ಚುವವರಿಗೆ, ಒಲೆಗೆ ಉರುವಲಾಗಿ ಸುರಿಯುವವರಿಗೆ ಕ್ಯಾನಿನ ಲೆಕ್ಕದಲ್ಲಿ ಹೋಗುತ್ತದೆ. ಹೀರುವ ಯಂತ್ರವೊಂದೇ ಇದನ್ನೆಲ್ಲ ಸರಿಪಡಿಸುವುದಿಲ್ಲ. ಆದರೆ ಮುಚ್ಚಿದ ಡಬ್ಬಿಗೆ ಬಿದ್ದ ಆಯಿಲ್ ಮುಚ್ಚಿದ ಡಬ್ಬಿಯಲ್ಲೇ ಸಂಗ್ರಹವಾಗುತ್ತದೆ, ಕೊಂಡೊಯ್ಯುವವರ ಕೈಗೆ ಪೂರ್ತಿ ಸಿಗುತ್ತದೆ. ಬಾಂಡ್ಲಿಯಿಂದ ಬಾಂಡ್ಲಿಗೆ ಸುರಿದಾಡುವ ಆಯಿಲಿನಲ್ಲಿ ಮಣ್ಣಿನ ಪಾಲು ಮಣ್ಣಿಗೆ ಸಂದೇ ಸಲ್ಲುತ್ತದೆ.

ಮೇಸ್ತ್ರಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಕೈಪಂಪಿನ ಹೀರುವ ಯಂತ್ರಕ್ಕೆ ಬೇಕಾಗುವುದು ಕೆಲವು ಸಾವಿರ ರೂಪಾಯಿ. ನಾಲ್ಕು ಗ್ಯಾರೇಜು ಸೇರಿ ಒಂದು ಕೊಳ್ಳಬಹುದು. ಬರುವ ವಾರ ಸರ್ವಿಸಿಗೆ ಬಂದ ಒಂದು ಕಾರನ್ನು ಆರಿಸಿ, ಎಂಜಿನ್ ಬೆಚ್ಚಗಿದ್ದಾಗ ಮೇಲಿಂದ ಹೀರಿ, ಬಂದದ್ದನ್ನು ಅಳೆಯಿರಿ. ಆಮೇಲೆ ನಟ್ಟು ಬಿಚ್ಚಿ ಉಳಿದದ್ದೆಷ್ಟು ಬೀಳುತ್ತದೆ ಎಂದು ಮಾಲೀಕನ ಮುಂದೆಯೇ ಒಂದು ಲೋಟದಲ್ಲಿ ಹಿಡಿಯಿರಿ. ಲೋಟ ತುಂಬಿ ಹರಿದರೆ ಆ ಗಾಡಿಗೆ ಕೆಳಗಿಂದಲೇ ಬಿಡಿ, ಹೊಸ ವಾಷರ್ ಹಾಕಿ, ಪೈಪಿಲ್ಲದ ಪಾನಾದಿಂದ ಬಿಗಿಯಿರಿ. ತಳ ಒದ್ದೆಯಾಗುವಷ್ಟೇ ಬಿದ್ದರೆ ಆ ಮಾದರಿಯ ಗಾಡಿಗಳ ನಟ್ಟನ್ನು ಮತ್ತೆ ಮುಟ್ಟಬೇಡಿ. ಗಾಡಿಯ ಮಾಲೀಕರೇ, ನೀವು ಅವತ್ತೊಂದು ದಿನ ಚಹಾ ಕುಡಿಯಲು ಹೋಗದೆ ಅಲ್ಲೇ ನಿಂತಿರಿ. ಬಂದ ಆಯಿಲಿನ ಅಳತೆಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆಸಿ, ಹಳೆಯ ಆಯಿಲ್ ಫಿಲ್ಟರನ್ನೂ ಏರ್ ಫಿಲ್ಟರನ್ನೂ ಕೈಯಲ್ಲಿ ಹಿಡಿದು ನೋಡಿ.